ತೊಡೆಮೂಳೆಯ ಜಾತಕ

ಬ್ಯಾಡಗಿಯ ನಮ್ಮ ಬೀಗತಿ ಸಾಲಿ ಬಿಟ್ಟದ್ದು ಏಳನೇ ಇಯತ್ತೆಗೆ. ಕಳೆದ ವಾರ ಹೋದಾಗ ಮಾತ್ರ ಕನ್ನಡಕ ಏರಿಸಿಕೊಂಡು ಸ್ಕ್ಯಾನಿಂಗ್ ರಿಪೋರ್ಟ್ ಓದುತ್ತಿದ್ದರು. ಅದೂ ಒಂದಲ್ಲ, ಎರಡು! ಏನೋ ಮಸಲತ್ತು ನಡೆದಿದೆ ಅನ್ನಿಸಿತು.

ಅವರ ಸೊಸೆ ದೀಪಾ ನನ್ನ ಅಕ್ಕನ ಮಗಳು. ಈಗ ಐದು ತಿಂಗಳ ಬಸುರಿ. ಮೊದಲನೆಯದು ಹೆಣ್ಣು. (ಇಷ್ಟು ಹೇಳಿದರೆ ಮುಂದಿನದು ನಿಮಗೇ ಹೊಳೆಯುತ್ತದೆ, ಅಲ್ಲವೇ?) ಅವಳಿಗೆಂದು ಹಾವೇರಿಯಿಂದ ಬುತ್ತಿ ಕಟ್ಟಿಕೊಂಡು ಹೋಗಿದ್ದೆ.

"ಏನ್ ನೋಡಾಕತ್ತೀರಿ ಬೀಗತಿ?"

"ಏನಿಲ್ರಿ, ಕೂಸಿನ ತಲಿ, ತೊಡಿ ಎಲವು ಎಷ್ಟ ಬೆಳದಾವು ಅಂತ..."

ತೊಡೆಯ ಎಲುಬು! ಇದ್ದ ಮೊಮ್ಮಗಳು ಅಂಗಳದಲ್ಲಿ ಬಿದ್ದು ಕೈ ಮುರಿದುಕೊಂಡಾಗ ಈ ಕಾಳಜಿ ಎಲ್ಲಿತ್ತು?

ಅಡುಗೆಮನೆಯಲ್ಲಿ ದೀಪಾ ಬಾಯಿಬಿಟ್ಟಳು. "ಚಿಗವ್ವಾ, ಗಂಡಕೂಸಿನ ತಲಿ ದೊಡ್ಡದಿರತೈತಂತ. ಮೊಬೈಲ್‌ನ್ಯಾಗ ನೋಡ್ಯಾರ. ನಾದಿನಿ ಮಗ ಹೊಟ್ಟ್ಯಾಗಿದ್ದಾಗಿನ ರಿಪೋರ್ಟ್ ತಗದು ನನ್ನ ರಿಪೋರ್ಟ್ ಜೋಡಿ ತಾಳೆ ಹಾಕಾಕತ್ತಾರ. ನಂದು ಭಾಳ ಸಣ್ಣದಂತ. ನಾಳೆ ಕಾರ್ ಹೇಳ್ಯಾರ. ಯಾವೂರಿಗೆ ಅಂದ್ರ ಹೇಳವಲ್ರು. ನಂಗ ಹೆದರಿಕಿ ಆಗೈತಿ."

ರಾಣೆಬೆನ್ನೂರಿನಲ್ಲಿ ಅವಳನ್ನು ನೋಡುವ ಲೇಡಿ ಡಾಕ್ಟರಿಗೆ ಫೋನ್ ಹಚ್ಚಿದೆ.

"ಸರಾಸರಿ ನೋಡಿದ್ರ ಗಂಡಕೂಸಿನ ತಲಿ ಒಂಚೂರು ದೊಡ್ಡದು, ಖರೇ. ಆದ್ರ ಒಂದು ರಿಪೋರ್ಟ್ ಹಿಡಕೊಂಡು ಗಂಡೋ ಹೆಣ್ಣೋ ಅನ್ನಾಕ ಬರಂಗಿಲ್ರಿ. ಹೇಳೋದೂ ಅಪರಾಧ, ಕೇಳೋದೂ ಅಪರಾಧ," ಎಂದರು.

ಬೀಗತಿಯ ಕೈಯಿಂದ ಎರಡೂ ರಿಪೋರ್ಟ್ ಕಸಿದುಕೊಂಡು ನೋಡಿದೆ. ಅಯ್ಯೋ ಶಿವನೇ! ನಾದಿನಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ ತಂದ ಕಾಗದ ಅದು. ಎಂಟನೇ ತಿಂಗಳದ್ದು! ಎಂಟು ತಿಂಗಳ ತಲೆಯ ಪಕ್ಕ ಐದು ತಿಂಗಳ ತಲೆ ಇಟ್ಟರೆ ಸಣ್ಣದಾಗದೆ ಇನ್ನೇನಾದೀತು? ಬೀಗತಿಗೆ ಮುಖದ ಮೇಲೆ ಹೊಡೆದ ಹಾಗೆ ಹೇಳಿದೆ.

ನಾಚಿಕೊಂಡರು ಅಂದುಕೊಂಡಿರಾ? ಮುಖ ಅರಳಿತು!

"ಹೌದೇನ್ರಿ? ಹಂಗಾರ ಗಂಡೇ ಇದ್ದರೂ ಇರಬೌದು! ಏ ತಮ್ಮಾ, ನಾಳೆ ಕಾರ್ ಬ್ಯಾಡಂತ ಹೇಳೋ!" ಎಂದು ಮಗನನ್ನು ಕೂಗಿದರು. ದೀಪಾಳ ತಟ್ಟೆಗೆ ತಾವೇ ತುಪ್ಪ ಸುರಿದರು.

ನಾನು ದೀಪಾಳ ಬಟ್ಟೆ ಬ್ಯಾಗಿಗೆ ತುರುಕಿ, ಅವಳ ಮಗಳ ಸಮೇತ ಹಾವೇರಿಗೆ ಕರೆತಂದೆ. ಬೀಗತಿಗೆ ಆಶ್ಚರ್ಯ. "ಯಾಕ್ರಿ, ಈಗ ಎಲ್ಲಾ ಛಲೋ ಆತಲ್ಲ?"

ಏನು ಛಲೋ ಆಯಿತು? ಲೆಕ್ಕ ತಪ್ಪಿತ್ತು, ಕಾರು ನಿಂತಿತು. ಲೆಕ್ಕ ಸರಿಯಿದ್ದಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತು?