ಶಾಂತಕ್ಕನ ಚೀಟಿ, ನನ್ನ ಸೇತುವೆ

—ಅಥವಾ ಅದು ಬೇಸಿಗೆಯಲ್ಲವೇನೋ. ಕರೆಂಟು ಹೋಗಿತ್ತು ಎಂಬುದು ಖಾತ್ರಿ; ಮುಂದೆ ನಾನು ಸುಳ್ಳು ಹೇಳಿದೆ ಎಂಬುದೂ. ಬರೆದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಜೋಪಾನವಾಗಿಡುವ ನಮ್ಮ ಡೇಟಾಬೇಸಿನ ಮೂಲ ಉಪಾಯ ನನ್ನದಲ್ಲ. ಹಳದೀಪುರದ ವಾಚನಾಲಯ ನೋಡಿಕೊಳ್ಳುತ್ತಿದ್ದ ಶಾಂತಕ್ಕನದು.

ಯಾರು ಯಾವ ಪುಸ್ತಕ ಒಯ್ದರು ಎಂದು ಬರೆದಿಡಲು ಅವಳಿಗೊಂದು ಸಣ್ಣ ಪ್ರೋಗ್ರಾಂ ಮಾಡಿಕೊಡುತ್ತೇನೆಂದು ಕುಮಟೆಯಿಂದ ಹೋಗುತ್ತಿದ್ದೆ. ನಡುವೆ ಕರೆಂಟು ಹೋದರೆ ಅರ್ಧ ಬರೆದದ್ದು ಹೋಗುತ್ತಿತ್ತು, ಮೊದಲಿನದೂ ಕೆಡುತ್ತಿತ್ತು. ಮೂರನೆಯ ಸಲ—ನಾಲ್ಕನೆಯದೋ—ಹಾಗಾದಾಗ ಅವಳು ನಕ್ಕುಬಿಟ್ಟಳು.

“ನಿನ್ನ ಪೆಟ್ಟಿಗೆಗೆ ಎಂತಾ ಮರವು ಮಾರಾಯಾ! ನನ್ನ ನೋಡು. ಮೊದ್ಲು ಚೀಟಿಲಿ ಬರೆಯುದು. ಮತ್ತೆ ದೊಡ್ಡ ಪುಸ್ತಕಕ್ಕೆ ಹತ್ತಿಸುದು. ಹತ್ತಿಸಿದ ಮೇಲೆ ಚೀಟಿಗೊಂದು ಗೀಟು. ನಡುವೆ ಯಾರಾದ್ರೂ ಕರೆದ್ರೆ, ಬಂದು ಗೀಟಿಲ್ಲದ ಚೀಟಿ ಹುಡುಕಿದ್ರೆ ಆತು.”

ಅದನ್ನೇ ಪ್ರೋಗ್ರಾಮಿನಲ್ಲಿ ಬರೆದೆ. ಈ ಉಪಾಯ ದೂರದ ಎಷ್ಟೋ ಜನರಿಗೆ ಹಿಂದೆಯೇ ಹೊಳೆದಿತ್ತೆಂದು ಆಮೇಲೆ ಓದಿ ತಿಳಿದೆ. ನನಗೆ ಕಲಿಸಿದವಳು ಮಾತ್ರ ಇವಳು. ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ ಎಂದು, ಆ ಪ್ರೋಗ್ರಾಮಿನಿಂದಲೇ ಬೆಳೆದ ಡೇಟಾಬೇಸನ್ನು ಮೂಲ ಕೋಡ್ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟೆ. ನಾನು ಮುಖ ಕಾಣದವರು ತಿದ್ದಿ ಬೆಳೆಸಿದರು. ಇವತ್ತಿಗೂ ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಅದು ನಡೆಯುತ್ತಿದೆ—ಕರೆಂಟು ಹೋದರೂ ಬರೆದದ್ದು ಹೋಗುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ.

ಒಂದು ಸಭೆಯಲ್ಲಿ ಕೇಳಿದರು, ಇದು ಹೇಗೆ ಹೊಳೆಯಿತು ಎಂದು. “ಬಸ್ಸಿನಲ್ಲಿ, ಹೊನ್ನಾವರದ ಸೇತುವೆ ದಾಟುವಾಗ” ಎಂದೆ. ಯಾಕೆ ಹಾಗಂದೆ—ಚಪ್ಪಾಳೆ ಬಿತ್ತು. ಮುಂದಿನ ಸಭೆಯಲ್ಲೂ ಹೇಳಿದೆ. ಈಗ ಕಣ್ಣು ಮುಚ್ಚಿದರೆ ಸೇತುವೆಯೇ ಕಾಣುತ್ತದೆ, ಶರಾವತಿಯ ಮೇಲಿನ ಬಿಸಿಲು, ಕಿಟಕಿಯ ಸರಳು. ಚೀಟಿ ಬಿಳಿಯದಿತ್ತೋ ಹಳದಿಯದೋ, ನೆನಪಿಲ್ಲ.

ಹೋದ ವರ್ಷ ಅವಳ ಮನೆಗೆ ಹೋಗಿದ್ದೆ. ಮೊಮ್ಮಗಳು ನನ್ನ ಭಾಷಣದ ವಿಡಿಯೋ ತೋರಿಸಿದ್ದಳಂತೆ.

“ಬಸ್ಸಲ್ಲಿ ಹೊಳೆದದ್ದಾ ತಮಾ?”

“ಹೌದು ಶಾಂತಕ್ಕ.” ಅವಳ ಎದುರಿಗೇ ಅಂದೆ.

“ಆತು. ಬಸ್ಸು ಹತ್ತಿದ್ರೆ ಸಾಕು, ನೀ ಗೊರಕೆ ಹೊಡೆಯುವವ. ಅದಕ್ಕೆ ಕೇಳಿದೆ” ಎಂದು ಅವಲಕ್ಕಿ ತಟ್ಟೆ ಮುಂದಿಟ್ಟಳು. ತಿಂದೆ. ಇನ್ನಷ್ಟು ಹಾಕಿದಳು, ಅದನ್ನೂ ತಿಂದೆ.

ನಿನ್ನೆ ಡೇಟಾಬೇಸಿನ ಇತಿಹಾಸದ ಪುಟ ತಿದ್ದಿದೆ. ಅಲ್ಲಿದ್ದ ಸೇತುವೆಯ ಕತೆ ತೆಗೆದು ಅವಳ ಹೆಸರು ಬರೆದೆ. ಇವತ್ತು ಹೋಗಿ ಅವಳಿಗೆ ಓದಿ ಹೇಳಬೇಕು. ಅವಳು ಅಂದು ಎಲ್ಲ ತಿಳಿದೇ ಅವಲಕ್ಕಿ ಬಡಿಸಿದಳೋ, ಇಲ್ಲಾ ನನ್ನ “ಹೌದು” ಕೇಳಿ ತನ್ನ ನೆನಪನ್ನೇ ಸುಳ್ಳೆಂದುಕೊಂಡಳೋ—ಅದು ನನಗೆ ಗೊತ್ತಿಲ್ಲ.