ಅರವತ್ತೊಂದು ಮಕ್ಕಳ ರಕ್ತ

ನಮ್ಮ ಆಸ್ಪತ್ರೆಯಲ್ಲಿ ಮಕ್ಕಳ ರಕ್ತ ತೆಗೆಯುವುದಕ್ಕೆ ಅವಳನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ನರ ಸಿಗದೆ ಡಾಕ್ಟರುಗಳೇ ಬೆವರುವಾಗ, ಅವಳು ಮಗುವಿನ ತೋಳನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, "ಇಲ್ಲಿ ಅಡಗಿದ್ದೀಯೇನೋ ಕಳ್ಳ" ಎಂದು ಸೂಜಿ ಇಳಿಸುತ್ತಿದ್ದಳು. ಅಳಲು ಮಗು ಬಾಯಿ ತೆರೆಯುವಷ್ಟರಲ್ಲಿ ಹತ್ತಿ ಒತ್ತಿ ಆಗಿರುತ್ತಿತ್ತು. ಹಾಗಾಗಿ ಸೊಳ್ಳೆ ಅಕ್ಕ ಎಂದೇ ಅವಳಿಗೆ ಹೆಸರು. ವಯಸ್ಸು ನಲವತ್ತೆಂಟು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳೂ ಕಿವುಡಿ ಅತ್ತೆಯೂ ಇಬ್ಬರೇ. ಅತ್ತೆಗೆ ಕೇಳಿಸುತ್ತಿರಲಿಲ್ಲ, ಇವಳು ಕೇಳುತ್ತಿರಲಿಲ್ಲ. ಅವರ ಜಗಳ ಮುಗಿದದ್ದನ್ನು ಕಂಡವರಿಲ್ಲ.

ನಾನು ಅದೇ ಆಸ್ಪತ್ರೆಯ ಪ್ರಯೋಗಾಲಯದವನು. ಅವಳು ತಂದ ರಕ್ತವನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ.

ಆ ವರ್ಷ ಗಾಜಿನ ಕಾರ್ಖಾನೆಯ ಹಿಂದಿನ ಬೀದಿಗೆ ದಡಾರ ಬಂತು. ಹದಿನೈದು ದಿನದಲ್ಲಿ ಐದು ಮಕ್ಕಳು ಸತ್ತವು. ಅವುಗಳಲ್ಲಿ ನಾಲ್ಕಕ್ಕೆ ಲಸಿಕೆ ಹಾಕಿದ ಚೀಟಿ ಇತ್ತು. ಲಸಿಕೆ ಬಿದ್ದ ಮಕ್ಕಳು ಅದೇ ರೋಗಕ್ಕೆ ಬಲಿಯಾದದ್ದು ಹೇಗೆ? ತಿಳಿಯಬೇಕಾದರೆ ಉಳಿದ ಮಕ್ಕಳ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಹುಟ್ಟಿದೆಯೇ ಎಂದು ನೋಡಬೇಕು. ಅಕ್ಕ ಮತ್ತು ವ್ಯಾನಿನ ಡ್ರೈವರ್ ಹೊರಟರು. ಎರಡು ದಿನದಲ್ಲಿ ಬೀದಿಯ ಈ ತುದಿಯಿಂದ ಅರವತ್ತೊಂದು ಮಕ್ಕಳ ರಕ್ತ ನನ್ನ ಕೈ ಸೇರಿತು. ಮೂರನೆಯ ದಿನ ಬೆಳಿಗ್ಗೆ ಅವರು ಆ ತುದಿಗೆ ಹೋದರು. ಅಲ್ಲಿ ನಡೆದದ್ದನ್ನು ಅಕ್ಕನೇ ನನಗೆ ಹೇಳಿದ್ದು.

ಆ ತುದಿಯಲ್ಲಿ ವೆಲ್ಡಿಂಗ್ ಅಂಗಡಿಯವನೊಬ್ಬನಿದ್ದ. ಅವನ ಆರು ವರ್ಷದ ಮಗಳು ಸತ್ತು ಒಂಬತ್ತು ದಿನವಾಗಿತ್ತು. ನಾಲ್ಕು ತಿಂಗಳ ಹಿಂದೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಹಾಕಿಸಿದವನು ಅವನೇ. ಸೂಜಿಯಲ್ಲೇ ರೋಗ ತುಂಬಿಕೊಟ್ಟರು ಎಂದು ಅವನು ನಂಬಿದ್ದ. ಬೀದಿಯಲ್ಲಿ ಆ ಮಾತಿಗೆ ರೆಕ್ಕೆಪುಕ್ಕ ಬಂದಿತ್ತು: ಮೊದಲು ರೋಗ ಹಾಕ್ತಾರೆ, ಆಮೇಲೆ ರಕ್ತ ಹೀರಿ ಮಾರ್ತಾರೆ.

ಅವನು ಕಬ್ಬಿಣದ ಸರಳು ಹಿಡಿದು ಬಂದಾಗ ಅಕ್ಕ ಮುಚ್ಚಿದ ಅಂಗಡಿಯೊಂದರ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ತೊಡೆಯ ಮೇಲೊಂದು ಮಗು. ಮಗುವಿನ ತೋಳಿನಲ್ಲಿ ಸೂಜಿ.

"ಕೈ ತೆಗಿ" ಎಂದ ಅವನು.

"ಸೂಜಿ ಒಳಗಿದೆ. ಒಂದ್ನಿಮಿಷ ನಿಲ್ಲಪ್ಪ."

ಅಕ್ಕ ಸೂಜಿ ಎಳೆದು, ಹತ್ತಿ ಒತ್ತಿ, ಮಗುವನ್ನು ತಾಯಿಯ ಕೈಗೆ ದಾಟಿಸಿದಳು. ಅಷ್ಟರಲ್ಲಿ ಡ್ರೈವರ್ ನಡುವೆ ಬಂದ. "ಅಣ್ಣ, ಹೆಂಗಸು ಕಣೋ" ಎಂದನಷ್ಟೆ. ಸರಳು ಅವನ ಮುಖದ ಮೇಲೆ ಅಡ್ಡಲಾಗಿ ಬಿತ್ತು. ಹಸಿ ಕಟ್ಟಿಗೆ ಸೀಳಿದ ಹಾಗೆ ಸದ್ದಾಯಿತು. ಎಡಗಣ್ಣನ್ನು ಎರಡೂ ಅಂಗೈಯಿಂದ ಮುಚ್ಚಿಕೊಂಡು ಅವನು ಮಂಡಿಯೂರಿದ. ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೆ ಇಳಿಯಿತು.

ಅದನ್ನೇ ಕಾಯುತ್ತಿದ್ದವರಂತೆ ಇಪ್ಪತ್ತು ಜನ ನುಗ್ಗಿದರು. ಬಿದ್ದವನನ್ನು ಒದ್ದರು. ವ್ಯಾನನ್ನು ಮಗುಚಿದರು. ಯಾರೋ ಐಸ್ ಪೆಟ್ಟಿಗೆಯನ್ನು ಎತ್ತಿ ಕುಕ್ಕಿದರು; ಒಳಗಿದ್ದ ಗಾಜಿನ ಕೊಳವೆಗಳೆಲ್ಲ ಒಡೆದು ಮಕ್ಕಳ ರಕ್ತ ಸಿಮೆಂಟಿನ ಮೇಲೆ ಹರಡಿತು. ಅಲ್ಲಿಯವರೆಗೆ ದೂರ ನಿಂತಿದ್ದ ತಾಯಂದಿರು ಅದನ್ನು ನೋಡಿದರು. ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಅಕ್ಕನ ಕೂದಲು ಹಿಡಿದು ಆ ರಕ್ತದ ಮೇಲೇ ಎಳೆದಾಡಿದರು. ಒಬ್ಬಳು ಚಪ್ಪಲಿಯಿಂದ ಬಾಯಿಗೆ ಹೊಡೆದಳು. ಗಾಜಿನ ಚೂರು ಬೆನ್ನಿಗೆ ಹೊಕ್ಕವು. ವೆಲ್ಡಿಂಗಿನವನು ಅವಳ ಬಲಗೈಯನ್ನು ಮೆಟ್ಟಿಲ ಮೇಲೆ ಇಟ್ಟು ಕಾಲಿನಿಂದ ತುಳಿದು ಹಿಡಿದ.

"ಇದೇ ಕೈ ತಾನೆ?"

ಮೂರು ಏಟು. ಮೊದಲನೆಯದಕ್ಕೆ ಕೂಗಿದೆ, ಉಳಿದೆರಡು ಬೇರೆ ಯಾರಿಗೋ ಬಿದ್ದ ಹಾಗಿತ್ತು ಎಂದಳು ಅಕ್ಕ. ನಾಲ್ಕನೆಯದಕ್ಕೆ ಅವನು ಕೈಯೆತ್ತಿದಾಗ ಅವನ ಹೆಂಡತಿ ಓಡಿಬಂದು ಅಕ್ಕನ ಮೇಲೆ ಬಿದ್ದಳು. ಸರಳು ಅವಳ ಹೆಗಲಿಗೆ ತಾಗಿತು.

"ನಮ್ಮನೆಗೆ ಒಂದು ಹೆಣ ಸಾಕು" ಎಂದಳು ಅವಳು, ತಲೆಯೆತ್ತದೆ.

ಅವನ ಕೈಯಿಂದ ಸರಳು ಜಾರಿತು.

ಮಧ್ಯಾಹ್ನ ಪೊಲೀಸರು ಬಂದರು. ಬಾಗಿಲು ಒದ್ದು, ಗಲಾಟೆಯಲ್ಲಿ ಇದ್ದವರು ಇಲ್ಲದವರು ಎಂದು ನೋಡದೆ ಸಿಕ್ಕವರನ್ನೆಲ್ಲ ಹೊರಗೆಳೆದು ಬಡಿದರು. ವೆಲ್ಡಿಂಗಿನವನನ್ನು ಅವನದೇ ಸರಳಿನಿಂದ, ಹೆಂಡತಿಯ ಎದುರೇ ಹೊಡೆದರು. ಪಕ್ಕೆಲುಬು ಮುರಿದು, ಮೂತ್ರದಲ್ಲಿ ರಕ್ತ ಹೋಗತೊಡಗಿದ ಮೇಲೆ ನಮ್ಮ ಆಸ್ಪತ್ರೆಗೇ ತಂದು ಮಂಚಕ್ಕೆ ಬೇಡಿ ಹಾಕಿದರು.

ನಾಲ್ಕು ದಿನದ ನಂತರ ನನ್ನ ಪರೀಕ್ಷೆ ಮುಗಿಯಿತು. ಅರವತ್ತೊಂದು ಮಕ್ಕಳಲ್ಲಿ ಐವತ್ತಕ್ಕೆ ಲಸಿಕೆಯ ಚೀಟಿ ಇತ್ತು. ಆ ಐವತ್ತರಲ್ಲಿ ನಲವತ್ತೊಂದರ ರಕ್ತದಲ್ಲಿ ದಡಾರವನ್ನು ತಡೆಯುವ ಶಕ್ತಿಯ ಸುಳಿವೇ ಇರಲಿಲ್ಲ. ವಿಚಾರಿಸಿದಾಗ ಹೊರಬಿತ್ತು: ಆರೋಗ್ಯ ಕೇಂದ್ರದ ಫ್ರಿಜ್ಜು ಬೇಸಿಗೆಯಿಡೀ ಕೆಟ್ಟು ನಿಂತಿತ್ತು. ಸೆಕೆಯಲ್ಲಿ ಸತ್ತ ಲಸಿಕೆಯನ್ನೇ ಚುಚ್ಚಿ ಚೀಟಿ ಬರೆದುಕೊಟ್ಟಿದ್ದರು.

ಇದನ್ನು ಮೊದಲು ಅಕ್ಕನಿಗೆ ಹೇಳಿದೆ. ಅವಳು ಮಂಚದಿಂದ ಕಾಲಿಳಿಸಿ, "ಅವನು ಯಾವ ವಾರ್ಡಲ್ಲಿದ್ದಾನೆ?" ಎಂದಳು.

"ಬೇಡ ಅಕ್ಕ. ಬಾಯಿ ಮುಚ್ಕೊಂಡಿರಿ ಅಂದಿದ್ದಾರೆ ಸಾಹೇಬರು."

"ಮುರಿದಿರೋದು ನನ್ನ ಕೈ ಕಣೋ, ಬಾಯಿ ಅಲ್ಲ."

ಅವಳ ಹಿಂದೆ ನಾನೂ ಹೋದೆ. ಅವಳನ್ನು ಕಂಡು ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ನಿನ್ನ ಮಗಳನ್ನ ಸೂಜಿ ಕೊಲ್ಲಲಿಲ್ಲ" ಎಂದಳು ಅಕ್ಕ. "ಸೂಜಿಯಲ್ಲಿ ಇದ್ದಿದ್ದು ಕೆಟ್ಟುಹೋದ ಮದ್ದು. ನೀರಿಗೆ ಸಮ."

ಗೋಡೆ ನೋಡುತ್ತಲೇ ಅವನು ಕೇಳಿದ, "ಮದ್ದು ಸರಿಯಿದ್ದಿದ್ರೆ?"

"ಬದುಕ್ತಿದ್ಲೋ ಏನೋ."

ಅವನು ಮಂಚದ ಕಬ್ಬಿಣಕ್ಕೆ ಹಣೆ ಚಚ್ಚಿಕೊಂಡ. ಮತ್ತೆ, ಮತ್ತೆ. ಚರ್ಮ ಸೀಳಿ ದಿಂಬು ಕೆಂಪಾಯಿತು. ಕಾವಲಿನ ಪೇದೆ ಕೋಲೆತ್ತಿದ. ಅಕ್ಕ ಪ್ಲಾಸ್ಟರ್ ಹಾಕಿದ ಕೈಯನ್ನೇ ಕಬ್ಬಿಣಕ್ಕೂ ಹಣೆಗೂ ನಡುವೆ ಒಡ್ಡಿದಳು. ಏಟು ಬಿದ್ದು ನೋವಿಗೆ ಅವಳ ಮುಖ ಬಿಳಿಚಿಕೊಂಡಿತು. ಆದರೂ ಕೈ ತೆಗೆಯಲಿಲ್ಲ.

"ಡ್ರೈವರ್‌ಗೆ ಒಂದು ಕಣ್ಣು ಹೋಯ್ತು" ಎಂದಳು. "ಅವನಿಗೂ ಇಬ್ಬರು ಹೆಣ್ಮಕ್ಕಳು. ಅದನ್ನೂ ಕೇಳಿಸ್ಕೋ."

ನ್ಯಾಯಾಲಯದಲ್ಲಿ ಅವಳು ಎರಡನ್ನೂ ಹೇಳಿದಳು, ಸರಳಿನ ಮಾತನ್ನೂ ಫ್ರಿಜ್ಜಿನ ಮಾತನ್ನೂ. ವೆಲ್ಡಿಂಗಿನವನಿಗೆ ಮೂರು ವರ್ಷ ಜೈಲಾಯಿತು. ಲಸಿಕೆ ಚುಚ್ಚಿದ ಆರೋಗ್ಯ ಕೇಂದ್ರದವನ ಕೆಲಸ ಹೋಯಿತು; ಫ್ರಿಜ್ಜು ಸರಿಯಿದೆ ಎಂದು ನೋಡದೆ ಸಹಿ ಹಾಕಿದ ಮೇಲಿನವರಿಗೆ ಏನೂ ಆಗಲಿಲ್ಲ. ಡ್ರೈವರ್ ಅಕ್ಕನ ಜತೆ ಮಾತು ಬಿಟ್ಟ. "ಕಣ್ಣು ಕಳ್ಕೊಂಡವನು ನಾನು. ನೀವು ಅವನ ಪರ ನಿಂತ್ರಿ" ಎಂದನಂತೆ.

ಅಕ್ಕನ ಬಲಗೈಯ ಎರಡು ಬೆರಳು ಮಡಚದಾದವು. ಎಡಗೈಯಿಂದ ಕಲಿಯಲು ಆರು ತಿಂಗಳು ನನ್ನ ತೋಳನ್ನೇ ಬಳಸಿಕೊಂಡಳು. ನೀಲಿಗಟ್ಟಿದ ತೋಳು ನೋಡಿ ನನ್ನ ಹೆಂಡತಿ ನನಗೆ ಯಾವ ಚಟ ಅಂಟಿತೋ ಎಂದು ಗಾಬರಿಯಾಗಿದ್ದಳು.

ಆ ಬೀದಿಗೆ ಹೊಸದಾಗಿ ಲಸಿಕೆ ಹಾಕಿ, ಕೆಲವು ತಿಂಗಳ ಮೇಲೆ ಮತ್ತೆ ರಕ್ತ ತೆಗೆಯಲು ಹೋದಾಗ ಮೊದಲ ಬಾಗಿಲು ತೆರೆದವಳು ವೆಲ್ಡಿಂಗಿನವನ ಹೆಂಡತಿ. ಸೊಂಟದ ಮೇಲೆ ಎರಡು ವರ್ಷದ ಕಿರಿಯ ಮಗಳು. ಅಕ್ಕನಿಗೆ ಎರಡು ಸಲ ನರ ತಪ್ಪಿತು. ಮಗು ಅವಳ ಹೊಟ್ಟೆಗೆ ಒದ್ದಿತು. ತಾಯಿ ಮಗುವಿನ ಇನ್ನೊಂದು ತೋಳನ್ನು ಚಾಚಿ ಹಿಡಿದಳು.

ಆ ಕೊಳವೆ ನನ್ನ ಮೇಜಿಗೆ ಬಂದ ಮೇಲೆ ಅಕ್ಕ ಮೂರು ದಿನ ನನ್ನ ಬಾಗಿಲು ಬಿಡಲಿಲ್ಲ.

"ಇದೆ" ಎಂದೆ ಕೊನೆಗೆ. "ದಡಾರ ತಡೆಯೋ ಶಕ್ತಿ ಚೆನ್ನಾಗೇ ಇದೆ."

"ಇನ್ನೊಂದ್ಸಲ ನೋಡು" ಎಂದಳು ಅವಳು. ನಾನು ನೋಡುವವರೆಗೂ ಅಲ್ಲೇ ನಿಂತಿದ್ದಳು.