ಬರೇ ಧೂಳು

ಮೊದಲು ಕಂಡದ್ದು ಕೆಮ್ಮಲ್ಲ. ಅಪ್ಪ ಅಂದು ಸೈಕಲ್ ತಳ್ಳಿಕೊಂಡು ಬಂದ. ರಾಯಚೂರಿನ ಅಕ್ಕಿ ಗಿರಣಿಯಿಂದ ನಮ್ಮ ಮನೆಗೆ ಏರೂ ಇಲ್ಲ, ಚಕ್ರದಲ್ಲಿ ಗಾಳಿಯೂ ಇತ್ತು.

"ಯಾಕ ಯಪ್ಪಾ, ತಳ್ಳಿಕೊಂಡು ಬಂದಿ?"

"ಧೂಳ ಯವ್ವಾ. ಬರೇ ಧೂಳ."

ಮಾನ್ವಿ ಕಡೆಯಿಂದ ಲಾರಿಗಟ್ಟಲೆ ಭತ್ತ ಬರುತ್ತಿತ್ತು. ಅಪ್ಪನದು ಹೊಟ್ಟು ಬೀಳುವ ಕೋಣೆ. ಅಂಗಿ ಒಗೆಯುವಾಗ ಅವ್ವ, ಅವನು ಯಾವ ಯಂತ್ರದ ಬಳಿ ನಿಂತಿದ್ದ ಎಂದು ಬೆರಳಲ್ಲಿ ಮುಟ್ಟಿಯೇ ಹೇಳುತ್ತಿದ್ದಳು. ಹೊಟ್ಟಿನ ಧೂಳು ಚುಚ್ಚುತ್ತದೆ, ತೌಡಿನದು ಜಿಡ್ಡಾಗಿ ಅಂಟುತ್ತದೆ. ಗಿರಣಿಯವರಿಗೆಲ್ಲ ಮದ್ದು ಒಂದೇ, ಸಂಜೆ ಒಂದು ಚೂರು ಬೆಲ್ಲ. ಅದು ಧೂಳನ್ನು ಹೊಟ್ಟೆಗೆ ಇಳಿಸುತ್ತದಂತೆ. ಬಾಯಿಗೆ ಬಟ್ಟೆ ಕಟ್ಟಿಕೋ ಅಂದರೆ ಅಪ್ಪ, "ಅನ್ನದ ಧೂಳಿಗೆ ಯಾರರ ಮಾರಿ ಮುಚ್ಚಿಕೋತಾರೇನ?" ಅನ್ನುತ್ತಿದ್ದ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳು. ಬೆಲ್ಲದ ದಾರಿ ಬೇರೆ, ಉಸಿರಿನ ದಾರಿ ಬೇರೆ ಎಂದು ಚಿತ್ರ ಬರೆದು ತೋರಿಸಿದೆ. ಕೆಮ್ಮು ಎರಡು ತಿಂಗಳು ದಾಟಿತು. ಮೈ ಇಳಿಯಿತು. ನನ್ನ ತೀರ್ಪು ಸಿದ್ಧವಾಗಿತ್ತು: ಟಿ.ಬಿ. ಹಟ ಹಿಡಿದು, ಅವ್ವನ ಕೈಯಿಂದ ಅಪ್ಪನ ತಾಟು, ಲೋಟ ಬೇರೆ ಇಡಿಸಿದೆ.

"ನೀ ವಕೀಲಾಗು ಬೇ. ಡಾಕ್ಟರ್ ಮಾತ್ರ ಆಗಬ್ಯಾಡ, ಮಂದಿ ಉಳಿಯಂಗಿಲ್ಲ," ಎಂದ ಅಪ್ಪ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂರು ದಿನ ಕಫದ ಟೆಸ್ಟ್ ಮಾಡಿದರು.

"ಟಿ.ಬಿ. ಇಲ್ರೀ," ಎಂದರು ಡಾಕ್ಟರು. ಅಪ್ಪನ ಕೆಲಸ ಏನೆಂದು ಕೇಳಿ, "ಹಂಗಾದ್ರ ಇದು ಧೂಳಿಂದ ಬಂದದ್ದು," ಎಂದರು.

ಅಪ್ಪ ನನ್ನತ್ತ ತಿರುಗಿದ. "ಕೇಳಿದೇನ್ ಬೇ ವಕೀಲಿ? ಬರೇ ಧೂಳಂತ!"

ಡಾಕ್ಟರು 'ಬರೇ' ಅಂದಿರಲಿಲ್ಲ.

ದಪ್ಪ ಧೂಳು ಮೂಗಿನಲ್ಲೇ ನಿಲ್ಲುತ್ತದೆ, ಕಣ್ಣಿಗೆ ಕಾಣದ್ದು ಶ್ವಾಸಕೋಶದ ತಳ ಮುಟ್ಟುತ್ತದೆ ಎಂದು ಅವರು ವಿವರಿಸಿದರು. ಗುಳಿಗೆಯಿಂದ ಸ್ವಲ್ಪ ಹಗುರಾದೀತು. ಆದರೆ ಆ ಕೋಣೆ ಬಿಡಲೇಬೇಕು. ಅಪ್ಪನ ಕಿವಿ ಆಗಲೇ ಮುಚ್ಚಿತ್ತು. ದಾರಿಯಲ್ಲಿ ಜಿಲೇಬಿ ಕೊಂಡ. ಮರುದಿನ ಹೊಟ್ಟಿನ ಕೋಣೆಗೆ ಹೋದ.

ವಾರವಿಡೀ ವಾದಿಸಿದೆ. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. "ಸೋತವರು ಸುಮ್ಮನಿರಬೇಕು," ಎಂದು ಶುರು ಮಾಡಿದ ಅಪ್ಪನಿಗೆ ನಡುವೆ ಉಸಿರು ಸಿಕ್ಕಿಕೊಂಡಿತು. ಆ ಸಂದಿನಲ್ಲಿ ನಾನು ನನ್ನ ಮುಂದಿನ ಮಾತು ತುರುಕಿದೆ.

"ಅವರಿಗೆ ದಮ್ಮರ ತಗೊಳ್ಳಾಕ ಬಿಡು!" ಎಂದಳು ಅವ್ವ.

ಎಂಥ ಮಗಳು ನಾನು.

ಎಕ್ಸ್‌ರೇ ಕೆಳಗಿಟ್ಟೆ. ಆಮೇಲೆ ಹೇಳಿದೆ, "ಯಪ್ಪಾ, ನೀ ಹೇಳಿದ್ದ ಖರೆ. ಧೂಳಿಂದನ ಬಂದದ್ದು. ನಾ ತಪ್ಪಿದೆ. ತಾಟು ಬ್ಯಾರೆ ಮಾಡಿಸಿದ್ದೂ ತಪ್ಪ."

ಅಪ್ಪ ನೆಲ ನೋಡಿದ. "ಗಿರಣಿಯಾಗ ಕೋಣಿ ಬಿಟ್ರ ಮಂದಿ ಅಂಟು ಜಡ್ಡು ಅಂತಾರ ಯವ್ವಾ. ಅಲ್ಲೂ ನನ್ನ ಲೋಟ ಬ್ಯಾರೆ ಇಡ್ತಾರ."

ದೇವದುರ್ಗ ತಾಲೂಕಿನ ನಮ್ಮ ಹಳ್ಳಿಯಲ್ಲಿ, ಹೋಟೆಲಿನ ಹೊರಗೆ, ನಮ್ಮ ಜಾತಿಗೆಂದು ಗೂಟಕ್ಕೆ ತೂಗುಹಾಕಿದ ಲೋಟದಲ್ಲಿ ಚಹಾ ಕುಡಿದು ಬೆಳೆದವನು ಅವನು. ಅದನ್ನು ಬಿಟ್ಟು ರಾಯಚೂರಿಗೆ ಬಂದಿದ್ದ. ಇಷ್ಟೆಲ್ಲ ಓದಿದ ನಾನು ಅದೇ ಲೋಟವನ್ನು ಮನೆಯೊಳಗೆ ತಂದಿಟ್ಟಿದ್ದೆ. 'ಬರೇ ಧೂಳ' ಎಂಬುದು ಹಟದ ಮಾತಲ್ಲ, ಎಲ್ಲರ ಜೊತೆ ಕೂತು ಉಣ್ಣುವ ಹಕ್ಕಿನ ಮಾತು ಎಂದು ನನಗೆ ಹೊಳೆದದ್ದು ಆಗ.

ಮರುದಿನ ಅವನ ಜೊತೆ ಗಿರಣಿಗೆ ಹೋದೆ. ಮೇಸ್ತ್ರಿಗೆ ಎಲ್ಲರ ಎದುರೇ ಹೇಳಿದೆ, "ಟಿ.ಬಿ. ಅಲ್ರೀ. ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ. ನಿಮ್ಮ ಕೋಣಿಯಾಗಿನ ಧೂಳು ಎದಿಯಾಗ ಕುಂತದ." ಅಪ್ಪ ನೀರು ಕುಡಿದಿಟ್ಟ ಲೋಟದಲ್ಲೇ ನಾನೂ ಕುಡಿದೆ.

"ಸಾಕ್ ಬಿಡವ್ವಾ, ತಿಳೀತು," ಎಂದ ಮೇಸ್ತ್ರಿ. "ನಾಳಿಂದ ನಿಮ್ಮಪ್ಪ ಅಂಗಳದಾಗ ಭತ್ತ ಹರವಲಿ." ತಾನೂ ಅದೇ ಲೋಟ ತುಂಬಿಕೊಂಡ.

ಆರು ತಿಂಗಳಾಯಿತು. ಅಂಗಳದಲ್ಲೂ ಧೂಳಿದೆ, ಆದರೆ ಗಾಳಿಯೂ ಇದೆ. ಹೋದ ಉಸಿರು ಪೂರ್ತಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬೆಲ್ಲವನ್ನು ಅವನು ಬಿಟ್ಟಿಲ್ಲ, ನಾನೂ ಬಿಡಿಸಿಲ್ಲ. ಮಾತಾಡುತ್ತ ಅಪ್ಪ ನಡುವೆ ನಿಲ್ಲುತ್ತಾನೆ, ಎದೆ ಏರಿ ಇಳಿಯುತ್ತದೆ. ನಾನು ಕಾಯುತ್ತೇನೆ. ಉಸಿರು ಬಂದ ಮೇಲೆ ಅವನು ನನ್ನನ್ನು ಬೈಯಲು ಶುರು ಮಾಡುತ್ತಾನೆ. ಪೂರ್ತಿ ಕೇಳುತ್ತೇನೆ.